ಜೇನುಪೆಟ್ಟಿಗೆಗೆ ಎರಡು ದಾರಿಯಲ್ಲಿ ಬರುವ ಮದ್ದು

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಬೆಳೆಗೆ ಹೊಡೆಯುವುದನ್ನೂ ಮದ್ದು ಅನ್ನುತ್ತೇವೆ, ಜ್ವರಕ್ಕೆ ನುಂಗುವುದನ್ನೂ ಮದ್ದು ಅನ್ನುತ್ತೇವೆ. ಯಾವಾಗ ಯಾವುದು ಅಂತ ನಮಗೆ ಗೊಂದಲವಾಗುವುದಿಲ್ಲ. ಜೇನುನೊಣಕ್ಕೆ ಮಾತ್ರ ಎರಡೂ ಒಂದೇ. ಒಂದು ಮದ್ದು ಹೊಲದಿಂದ ಹೂವಿನ ಜೊತೆ ಬರುತ್ತದೆ. ಇನ್ನೊಂದನ್ನು ಜೇನು ಸಾಕುವ ನಾವೇ ಪೆಟ್ಟಿಗೆಯೊಳಗೆ ಇಡುತ್ತೇವೆ.

ನನ್ನ ಭಾವ ಮೆಲ್ಲಿಫೆರಾ ಎಂಬ ಯುರೋಪಿನ ಜೇನು ಸಾಕುತ್ತಾರೆ. ಒಂದು ವರ್ಷ ಸೂರ್ಯಕಾಂತಿ ಹೂ ಬಿಟ್ಟ ಹೊಲದ ಬದಿಗೆ ಪೆಟ್ಟಿಗೆ ಸಾಗಿಸಿದ್ದರು. ಪಕ್ಕದ ಹೊಲದವರು ಬೆಳಿಗ್ಗೆ ಒಂಬತ್ತಕ್ಕೆ ಪಂಪು ಹೆಗಲಿಗೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಗಳ ಬಾಗಿಲಲ್ಲಿ ನೊಣಗಳ ರಾಶಿ. ನಾಲಿಗೆ ಚಾಚಿ ಸತ್ತಿದ್ದವು. ಅವರನ್ನು ಬೈಯುವುದು ಹೇಗೆ? ಪೆಟ್ಟಿಗೆ ತಂದಿಟ್ಟಿದ್ದೇವೆ ಎಂದು ಭಾವ ಅವರಿಗೆ ಹೇಳಿಯೇ ಇರಲಿಲ್ಲ.

ಇದು ಕಣ್ಣಿಗೆ ಕಾಣುವ ಸಾವು. ಕಾಣದ್ದು ಇನ್ನೊಂದಿದೆ. ಫ್ರಾನ್ಸಿನ ವಿಜ್ಞಾನಿಗಳು ನೊಣಗಳ ಬೆನ್ನಿಗೆ ಪುಟ್ಟ ಎಲೆಕ್ಟ್ರಾನಿಕ್ ಚೀಟಿ ಅಂಟಿಸಿದರು. ಕೆಲವಕ್ಕೆ ಥಯಾಮೆಥಾಕ್ಸಾಮ್ ಎಂಬ ಕೀಟನಾಶಕವನ್ನು ಸಾಯಿಸದಷ್ಟು ಕಡಿಮೆ ಪ್ರಮಾಣದಲ್ಲಿ ಕುಡಿಸಿ, ದೂರ ಒಯ್ದು ಬಿಟ್ಟರು. ಅವುಗಳಲ್ಲಿ ಗೂಡಿಗೆ ಮರಳದವು ಜಾಸ್ತಿ. ದಾರಿಯೇ ಮರೆತುಹೋಗಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನ ಇದು. ಇಂಥ ಸಾವಿಗೆ ಬಾಗಿಲಲ್ಲಿ ರಾಶಿ ಬೀಳುವುದಿಲ್ಲ, ಪೆಟ್ಟಿಗೆ ದಿನದಿಂದ ದಿನಕ್ಕೆ ಸುಮ್ನೆ ಖಾಲಿಯಾಗುತ್ತದೆ. ಥಯಾಮೆಥಾಕ್ಸಾಮ್, ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್ ಈ ಮೂರು ಕೀಟನಾಶಕಗಳನ್ನೂ ಬಯಲಿನ ಬೆಳೆಗೆ ಬಳಸಬಾರದು ಎಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ತೀರ್ಮಾನಿಸಿತು.

ಇನ್ನು ಪೆಟ್ಟಿಗೆಯೊಳಗಿನ ಮದ್ದು. ಅದರ ಕಥೆ ಶುರುವಾಗುವುದು ವರೋವಾ ಎಂಬ ನುಸಿಯಿಂದ. ಸಾಸಿವೆ ಕಾಳಿಗಿಂತ ಚಪ್ಪಟೆ, ಕಂದು ಬಣ್ಣ. ಮರಿಯ ಕೋಶಕ್ಕೆ ನುಗ್ಗಿ ಅಲ್ಲೇ ಸಂಸಾರ ಹೂಡುತ್ತದೆ. ಜೊತೆಗೆ ವೈರಸ್ ಹಂಚುತ್ತದೆ. ರೆಕ್ಕೆ ಮುದುಡಿದ ನೊಣಗಳು ಹುಟ್ಟುವುದು ಅದರಿಂದಲೇ.

ಮಜಾ ಏನು ಗೊತ್ತಾ? ಈ ನುಸಿಯ ಮೂಲ ಮನೆ ನಮ್ಮ ತುಡುವೆ ಜೇನೇ. ಆದರೆ ತುಡುವೆಗೆ ಅದೊಂದು ದೊಡ್ಡ ರೋಗವಲ್ಲ. ತುಡುವೆಯಲ್ಲಿ ನುಸಿ ಸಂತಾನ ಬೆಳೆಸುವುದು ಹೆಚ್ಚುಕಡಿಮೆ ಗಂಡುನೊಣದ ಕೋಶದಲ್ಲಿ ಮಾತ್ರ. ಮೇಲಾಗಿ ನೊಣಗಳು ಒಂದರ ಮೈ ಒಂದು ಹುಡುಕಿ, ನುಸಿಯನ್ನು ಕಚ್ಚಿ ಎಸೆಯುತ್ತವೆ. ಸಾವಿರಾರು ವರ್ಷ ಒಟ್ಟಿಗೆ ಬಾಳಿ ಕಲಿತ ವಿದ್ಯೆ ಅದು. ಯುರೋಪಿನ ಮೆಲ್ಲಿಫೆರಾಕ್ಕೆ ಅದು ಅಷ್ಟಾಗಿ ಬರುವುದಿಲ್ಲ. ಏನೂ ಮಾಡದೆ ಬಿಟ್ಟರೆ ಎರಡು ಮೂರು ವರ್ಷದಲ್ಲಿ ಬಹುಪಾಲು ಕುಟುಂಬಗಳು ಮುಗಿಯುತ್ತವೆ. ಹಾಗಾಗಿ ನೊಣಗಳು ಮೇಣದಿಂದ ಕಟ್ಟಿದ ಎರಿಗಳ ನಡುವೆ ನುಸಿ ಕೊಲ್ಲುವ ಫ್ಲುವಾಲಿನೇಟ್, ಅಮಿಟ್ರಾಜ್ ಮದ್ದಿನ ಪಟ್ಟಿ ನೇತುಹಾಕುತ್ತಾರೆ. ಅದನ್ನು ತಪ್ಪು ಎನ್ನಲಾರೆ.

ಆದರೆ ಮೇಣ ಅಂದರೆ ಕೊಬ್ಬಿನಂಥ ವಸ್ತು. ಫ್ಲುವಾಲಿನೇಟ್, ಅದರಂತೆಯೇ ನುಸಿಗೆ ಇಡುವ ಕೂಮಾಫಾಸ್ ಅದರಲ್ಲಿ ಕರಗಿ ಕೂತುಬಿಡುತ್ತವೆ. ಹಳೆ ಎರಿ ಕರಗಿಸಿ ಹೊಸ ಮೇಣದ ಹಾಳೆ ಮಾಡಿದರೂ ಹೋಗುವುದಿಲ್ಲ. ಅಮೆರಿಕದಲ್ಲಿ ನೂರಾರು ಮಾದರಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮೇಣದ ಮಾದರಿಗಳಲ್ಲಿ 98 ಶೇಕಡಾದಲ್ಲಿ ಈ ಎರಡು ಸಿಕ್ಕಿದ್ದವು. ಎರಡೂ ಜೇನು ಸಾಕುವವರೇ ಇಟ್ಟ ಮದ್ದುಗಳು! ಕೂಮಾಫಾಸ್ ಜಾಸ್ತಿಯಿದ್ದ ಮೇಣದಲ್ಲಿ ಬೆಳೆದ ರಾಣಿಗಳ ತೂಕವೂ ಕಡಿಮೆ ಇತ್ತು.

ವಿಷವನ್ನು ಒಡೆದುಹಾಕುವ ಒಂದು ಜಾತಿಯ ಜೀನ್‌ಗಳು ಹಣ್ಣಿನ ಮೇಲೆ ಕೂರುವ ಪುಟ್ಟ ನೊಣದಲ್ಲಿ 80ಕ್ಕೂ ಜಾಸ್ತಿ. ಜೇನಿನಲ್ಲಿ 46. ಇಷ್ಟೇ ಬಂಡವಾಳ. ಅದು ಒಂದು ಮದ್ದಿಗೆ ಖರ್ಚಾದರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಅಡಿಕೆಯ ಎಲೆಚುಕ್ಕಿಗೆ ನಾವು ಹೊಡೆಯುವ ಪ್ರೊಪಿಕೊನಜೋಲ್ ಶಿಲೀಂಧ್ರಕ್ಕೆ ಮಾಡಿದ್ದು. ಅದೊಂದೇ ಇದ್ದರೆ ಜೇನಿಗೆ ಅಷ್ಟೇನೂ ವಿಷವಲ್ಲ. ಆದರೆ ವಿಷ ಒಡೆಯುವ ಆ ವ್ಯವಸ್ಥೆಯನ್ನೇ ಅದು ಕಟ್ಟಿಹಾಕುತ್ತದೆ. ಆಮೇಲೆ ಲ್ಯಾಂಬ್ಡಾ ಸೈಹಾಲೋಥ್ರಿನ್‌ನಂಥ ಕೀಟನಾಶಕ ತಗುಲಿದರೆ ಅದರ ಏಟು ಎಷ್ಟೋ ಪಟ್ಟು ಜೋರು. ಟ್ಯಾಂಕಿಗೆ ಎರಡನ್ನೂ ಒಟ್ಟಿಗೆ ಸುರಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹೋಗಲಿ, ನುಸಿಯಾದರೂ ಸಾಯುತ್ತಿದೆಯಾ ಅಂದರೆ ಅದೂ ಇಲ್ಲ. ಒಂದೇ ಪಟ್ಟಿ ವರ್ಷವರ್ಷ ಇಟ್ಟ ಕಡೆ ನುಸಿ ಅದಕ್ಕೆ ಒಗ್ಗಿಕೊಂಡಿದೆ. ಮೊದಲು ಫ್ಲುವಾಲಿನೇಟ್‌ಗೆ, ಆಮೇಲೆ ಕೂಮಾಫಾಸ್‌ಗೆ, ಈಗ ಅಮಿಟ್ರಾಜ್‌ಗೂ. ನುಸಿಗೇ ಬಳಸುವ ಫಾರ್ಮಿಕ್, ಆಕ್ಸಾಲಿಕ್ ಆಮ್ಲಗಳು ಮೇಣದಲ್ಲಿ ನಿಲ್ಲುವುದಿಲ್ಲ, ಅಷ್ಟು ಲಾಭ. ಆದರೆ ಆಕ್ಸಾಲಿಕ್ ಮುಚ್ಚಿದ ಕೋಶದೊಳಗೆ ಇಳಿಯುವುದಿಲ್ಲ. ಫಾರ್ಮಿಕ್ ಇಳಿಯುತ್ತದೆ, ಆದರೆ ನಮ್ಮ ಬೇಸಿಗೆಯಲ್ಲಿ ಒಮ್ಮೆಲೇ ಆವಿಯಾಗಿ ಮರಿ, ರಾಣಿ ಎರಡನ್ನೂ ಸುಡಬಹುದು.

ಭಾವ ಈಗ ಮೊದಲು ನುಸಿ ಎಣಿಸುತ್ತಾರೆ. ಒಂದು ಬಾಟಲಿಯಲ್ಲಿ ನೂರಿನ್ನೂರು ನೊಣ ಹಾಕಿ, ಮೇಲೆ ಸಕ್ಕರೆ ಪುಡಿ ಉದುರಿಸಿ ಅಲ್ಲಾಡಿಸಿದರೆ ನುಸಿ ಜಾಲರಿಯಿಂದ ಕೆಳಗೆ ಬೀಳುತ್ತದೆ. ನೊಣ ಬೆಳ್ಳಗಾಗಿ ಸಿಟ್ಟಿನಿಂದ ಗೂಡಿಗೆ ವಾಪಸ್ಸು! ನುಸಿ ಕಡಿಮೆ ಕಂಡರೆ ಪಟ್ಟಿ ಇಡುವುದಿಲ್ಲ. ಕಪ್ಪಾದ ಹಳೆ ಎರಿಗಳನ್ನು ವರ್ಷಕ್ಕೆ ಒಂದಿಷ್ಟು ತೆಗೆದುಹಾಕುತ್ತಾರೆ, ಆ ಮೇಣ ಮತ್ತೆ ಪೆಟ್ಟಿಗೆಗೆ ಬರುವುದಿಲ್ಲ.

ನನ್ನದು ತುಡುವೆ ಮಾತ್ರ, ಪಟ್ಟಿಯ ಗೊಡವೆ ಇಲ್ಲ. ಆದರೆ ಹೊಲದ ಮದ್ದಿಗೆ ತುಡುವೆ, ಮೆಲ್ಲಿಫೆರಾ ಅಂತ ಭೇದವಿಲ್ಲ ನೋಡಿ. ನಮ್ಮ ಆಚೆಮನೆಯವರು ಈಗ ತರಕಾರಿ ಹೂ ಬಿಟ್ಟಾಗ ಹೊಡೆಯುವುದಿಲ್ಲ. ಹೊಡೆಯಲೇಬೇಕಾದರೆ ನೊಣ ಗೂಡು ಸೇರಿದ ಮೇಲೆ, ಸಂಜೆ. ಹಿಂದಿನ ದಿನ ನನಗೊಂದು ಫೋನ್ ಮಾಡುತ್ತಾರೆ. ನಾನು ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ, ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ಮಾರನೇ ದಿನ ಬಾಗಿಲು ತೆರೆಯುವುದು ತಡವಾದರೆ ಒಳಗಿಂದ ಜೋರು ಗಲಾಟೆ.

ನಮಸ್ಕಾರ.