ಕರ್ನಲ್ ಸಾಬ್ ಹೋಗಿ ನರದ ಡಾಕ್ಟ್ರಾದದ್ದು

ಕೇಳುಗರಿಗೆ ನಮಸ್ಕಾರ.

ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಮನೋವೈದ್ಯನಾಗಿದ್ದೆ. ನಿವೃತ್ತಿಯಾದ ಮೇಲೆ ಹಾಸನಕ್ಕೆ ಬಂದು ಬಸ್ ಸ್ಟ್ಯಾಂಡ್ ಎದುರಿಗೆ, ಮಹಡಿ ಮೇಲೆ ಒಂದು ಕ್ಲಿನಿಕ್ ತೆರೆದೆ. ಬೋರ್ಡಿನ ಮೇಲೆ ಕರ್ನಲ್ ಎಂದು ಸೇರಿಸಿ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ 'ಮನೋವೈದ್ಯರು'. ಮೊದಲ ತಿಂಗಳು ಬಂದವರು ಒಂಬತ್ತು ಜನ. ಅದರಲ್ಲಿ ಇಬ್ಬರು ಬೇರೆ ಯಾರದೋ ವಿಳಾಸ ಕೇಳೋಕೆ ಬಂದವರು.

ಒಂದು ದಿನ ಕೆಳಗಿನ ಟೀ ಅಂಗಡಿಯವರು ಹೇಳಿದರು: "ಸಾರ್, ಆ ಬೋರ್ಡ್ ಕೆಳಗಿನ ಮೆಟ್ಟಿಲು ಹತ್ತೋಕೆ ಯಾರಿಗೆ ಧೈರ್ಯ ಬರುತ್ತೆ? ಬಸ್ಸಿಗೆ ಕಾಯೋರೆಲ್ಲ ನೋಡ್ತಾರೆ." ನಿಜ ಅಲ್ವಾ? ಬೋರ್ಡು ಬದಲಾಯಿಸೋಕೆ ಮನಸ್ಸು ಒಪ್ಪಲಿಲ್ಲ. ದಾರಿ ಬದಲಾಯಿಸಿದೆ. ಪಕ್ಕದ ಹಲ್ಲಿನ ಡಾಕ್ಟರನ್ನು ಕೇಳಿಕೊಂಡು ಅವರ ಮೆಟ್ಟಿಲಿನಿಂದಲೇ ನಮ್ಮಲ್ಲಿಗೂ ಒಂದು ಬಾಗಿಲು ಇಡಿಸಿದೆ. ಈಗ ಹಲ್ಲಿಗೆ ಬಂದವರು ಯಾರು, ನನ್ನ ಹತ್ತಿರ ಬಂದವರು ಯಾರು ಅಂತ ರಸ್ತೆಯಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಜನ ನನ್ನನ್ನು ಕರೆಯುವುದು ಮಾತ್ರ ಇವತ್ತಿಗೂ 'ನರದ ಡಾಕ್ಟ್ರು' ಅಂತಲೇ. ಕರೆಯಲಿ ಬಿಡಿ.

ಸೈನ್ಯದಲ್ಲಿ ರೋಗಿ ತಾನಾಗಿ ಬರುವುದು ಕಡಿಮೆ. ಕಳಿಸುತ್ತಾರೆ. ಕಮಾಂಡಿಂಗ್ ಆಫೀಸರ್ ತುಂಬಿದ ಹತ್ತನೇ ನಂಬರಿನ ಫಾರಂ, ಜೊತೆಗೆ ಅವನ ಯೂನಿಟ್ಟಿನವನೇ ಒಬ್ಬ. ಜವಾನ ನೆಟ್ಟಗೆ ನಿಂತು "ಸಬ್ ಠೀಕ್ ಹೈ, ಸಾಬ್" ಅನ್ನುತ್ತಾನೆ. ಕಣ್ಣು ನೋಡಿದರೆ ನಾಲ್ಕು ರಾತ್ರಿ ನಿದ್ದೆಯಿಲ್ಲ. ಯಾಕೆ ಮುಚ್ಚಿಡುತ್ತಾನೆ? ನನ್ನ ಪೆನ್ನಿನ ಭಯ. ಅಲ್ಲಿ ಆರೋಗ್ಯಕ್ಕೆ 'ಶೇಪ್' ಅಂತ ಐದು ಇಂಗ್ಲಿಷ್ ಅಕ್ಷರಗಳ ಲೆಕ್ಕ. ಮೊದಲನೆಯ 'ಎಸ್' ಮನಸ್ಸಿಗೆ. ಉಳಿದವು ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು. ಅಕ್ಷರದ ಮುಂದೆ ಒಂದು ಅಂತಿದ್ದರೆ ಪೂರ್ತಿ ಸರಿ ಎಂದರ್ಥ. 'ಎಸ್' ಮುಂದಿನ ಆ ಒಂದು ಹೋಗಿ ಎರಡೋ ಮೂರೋ ಆಯಿತೆಂದರೆ ಕೈಯಿಂದ ಬಂದೂಕು ಹೋಗಬಹುದು, ಬಡ್ತಿ ನಿಲ್ಲಬಹುದು. ಅವನ ಡಾಕ್ಟರೂ ನಾನೇ, ಅವನ ಮೇಲಧಿಕಾರಿಯೂ ನಾನೇ. ಎಷ್ಟೋ ಸಲ ನನ್ನೊಳಗೆ ಅಧಿಕಾರಿಯೇ ಗೆದ್ದಿದ್ದಾನೆ, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ತಂದ ಒಂದು ಪಾಠ ಮಾತ್ರ ಇಲ್ಲೂ ನಡೆಯುತ್ತಿದೆ. ಮೊದಲ ಮಹಾಯುದ್ಧದಲ್ಲಿ ಮನಸ್ಸಿಗೆ ಆಘಾತವಾಗಿ ಮಾತು ನಿಂತವರು, ಮೈ ನಡುಗುವವರು ಸಾವಿರಗಟ್ಟಲೆ ಇದ್ದರು. ಅವರನ್ನು ದೂರದ ಆಸ್ಪತ್ರೆಗೆ ಸಾಗಿಸಿದಷ್ಟೂ ಕಾಯಿಲೆ ಬೇರು ಬಿಡುತ್ತಿತ್ತು. ಅದನ್ನು ಕಂಡ ಫ್ರೆಂಚರು, ಬ್ರಿಟಿಷರು ಯುದ್ಧ ನಡೆಯುವ ಜಾಗಕ್ಕೆ ಹತ್ತಿರದಲ್ಲೇ ಚಿಕಿತ್ಸೆ ಶುರು ಮಾಡಿದರು. 1917ರಲ್ಲಿ ಥಾಮಸ್ ಸಾಲ್ಮನ್ ಎಂಬ ವೈದ್ಯರು ಅಮೆರಿಕದ ಸೈನ್ಯಕ್ಕೂ ಅದನ್ನೇ ತಂದರು. ಹತ್ತಿರದಲ್ಲೇ ನೋಡು, ಬೇಗ ನೋಡು, ವಾಸಿಯಾಗುತ್ತೆ ಅಂತ ಮೊದಲ ದಿನವೇ ಹೇಳು. ನಮ್ಮ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಊರ ಹತ್ತಿರವೇ ಮಾತ್ರೆ ಸಿಗುವ ಹಾಗೆ ಮಾಡಿದರಲ್ಲ, ಅದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಒಂದು ಉದಾಹರಣೆ. ಕಾಲು ಮುರಿದು ಆಸ್ಪತ್ರೆ ಸೇರಿದವನು ಮೂರನೇ ದಿನ ಗೋಡೆ ಮೇಲೆ ಹುಳ ಹರೀತಿದೆ ಅಂತ ಕೂಗಾಡುತ್ತಾನೆ. ಮನೆಯವರು ಗಾಳಿ ಸೋಕಿದೆ ಅಂತ ನಿಂಬೆಹಣ್ಣು ತರುತ್ತಾರೆ. ಅದು ಗಾಳಿಯಲ್ಲ. ದಿನಾ ಕುಡಿಯುತ್ತಿದ್ದವನಿಗೆ ಕುಡಿತ ಒಮ್ಮೆಲೇ ನಿಂತಿದೆ, ಅಷ್ಟೇ. ಆದರೆ ಆ ಹೊತ್ತಿಗೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಅಂತ ಕೂರುವ ಕಾಯಿಲೆಯಲ್ಲ ಇದು.

ನಾನು ಮರೆಯಬೇಕಾದದ್ದು ಆರ್ಡರ್ ಮಾಡುವುದನ್ನು. ಗುರುತು ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ಆಲೂರು ಕಡೆಯ ಹೆಣ್ಣುಮಗಳು. ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆ. ಲಿಥಿಯಂ ಮಾತ್ರೆ ಕೊಟ್ಟೆ. ಈ ಮಾತ್ರೆಯ ಹಿಂದೆಯೂ ಸೈನ್ಯದಿಂದ ಬಂದ ಒಬ್ಬ ಮನೋವೈದ್ಯರಿದ್ದಾರೆ, ಆಸ್ಟ್ರೇಲಿಯಾದ ಜಾನ್ ಕೇಡ್. ಸಿಂಗಪುರದ ಚಾಂಗಿಯಲ್ಲಿ ಮೂರೂವರೆ ವರ್ಷ ಜಪಾನೀಯರ ಸೆರೆಯಲ್ಲಿದ್ದವರು. ಬಿಡುಗಡೆಯಾಗಿ ಬಂದು, ಆಸ್ಪತ್ರೆಯ ಬಳಕೆ ಬಿಟ್ಟ ಅಡುಗೆಮನೆಯಲ್ಲಿ ಗಿನಿಪಿಗ್ ಇಟ್ಟುಕೊಂಡು ಪ್ರಯೋಗ ಮಾಡಿದರು. ಪ್ರಯೋಗಕ್ಕೆ ಬೇಕಾದ ರೋಗಿಗಳ ಮೂತ್ರದ ಬಾಟಲಿಗಳು ಅವರ ಮನೆಯ ಫ್ರಿಜ್ಜಿನಲ್ಲೇ ಇರುತ್ತಿದ್ದವಂತೆ. ಪಾಪ, ಅವರ ಹೆಂಡತಿ! 1949ರಲ್ಲಿ, ಲಿಥಿಯಂ ಕೊಟ್ಟು ನೋಡಿದ ಹತ್ತು ಉನ್ಮಾದ ರೋಗಿಗಳ ವರದಿ ಪ್ರಕಟಿಸಿದರು.

ಲಿಥಿಯಂ ಜಾಸ್ತಿಯಾದರೆ ವಿಷ, ಕಡಿಮೆಯಾದರೆ ಪ್ರಯೋಜನವಿಲ್ಲ. ಅದಕ್ಕೇ ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕು, ಅದೂ ಕೊನೆಯ ಮಾತ್ರೆ ನುಂಗಿ 12 ಗಂಟೆಗೆ. ಮಿಲಿಟರಿ ಆಸ್ಪತ್ರೆಯಲ್ಲಾದರೆ ಒಂದು ಸಾಲು ಬರೆದರೆ ಸಾಕು, ಬೆಳಿಗ್ಗೆ ರಕ್ತ ತೆಗೆದಾಗಿರುತ್ತಿತ್ತು. ಇಲ್ಲಿ ಎರಡು ಸಲ ಆಕೆ ಹೊತ್ತು ತಪ್ಪಿಸಿ ಬಂದರು. ನಾನು ರೇಗಿದೆ. ಪರೇಡ್ ಮೈದಾನದ ದನಿಯಲ್ಲೇ ರೇಗಿದೆ. ಆಮೇಲೆ ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಮತ್ತೆ ಬಂದಾಗ ಈ ಸಲ ನಾನು ಸುಮ್ನೆ ಕೇಳಿದೆ: "ಬೆಳಿಗ್ಗೆ ಹೊತ್ತು ನಿಮ್ಮನೇಲಿ ಏನೇನು ಕೆಲಸಮ್ಮಾ?" ಹಸು ಕರೆದು, ಡೈರಿಗೆ ಹಾಲು ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಸ್ ಹತ್ತಬೇಕು. ಇಲ್ಲಿ ಮುಟ್ಟುವಾಗ ಒಂಬತ್ತೂವರೆ. ಹಾಗಾದರೆ ರಾತ್ರಿ ಒಂಬತ್ತೂವರೆಗೆ ಮಾತ್ರೆ ತಗೊಂಡರೆ ಸರಿಹೋಯಿತಲ್ಲ!

"ಅಯ್ಯೋ, ಅಷ್ಟೇನಾ ಸಾರ್?" ಅಂದರು ಆಕೆ. "ಧಾರಾವಾಹಿ ಮುಗಿಯೋದೂ ಅಷ್ಟೊತ್ತಿಗೇ."

ಚೀಟಿಯಲ್ಲಿ ಹಾಗೇ ಬರೆದುಕೊಟ್ಟೆ: ರಾತ್ರಿ, ಧಾರಾವಾಹಿ ಮುಗಿದ ಮೇಲೆ, ಎರಡು ಮಾತ್ರೆ.

ನಮಸ್ಕಾರ.