ಜಪಾನೀಸ್ ಕಷ್ಟ, ಥಾಯ್ ಸುಲಭ ಅಂದೋರು ಯಾರು?

ನಮಸ್ಕಾರ. ಜಪಾನೀಸ್ ಕಲೀಲಾ, ಥಾಯ್ ಕಲೀಲಾ ಅಂತ ನೆಟ್‌ನಲ್ಲಿ ಹುಡುಕಿದ್ರೆ ಮೊದಲು ಸಿಗೋದೇ ಒಂದು ಪಟ್ಟಿ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಮಾಡಿದ್ದು. ಥಾಯ್‌ಗೆ ಸುಮಾರು 1100 ಗಂಟೆ ಪಾಠ, ಜಪಾನೀಸ್‌ಗೆ 2200 ಗಂಟೆ. ಇಷ್ಟು ನೋಡಿದ್ದೇ ತಡ, ಜಪಾನೀಸ್ ಸಹವಾಸ ಬೇಡಪ್ಪ ಅಂತ ಪುಸ್ತಕ ಮುಚ್ಚೋರಿದ್ದಾರೆ. ಸ್ವಲ್ಪ ತಡೀರಿ. ಆ ಲೆಕ್ಕ ಹಾಕಿರೋದು ಇಂಗ್ಲಿಷ್ ಮನೆಮಾತಾಗಿರೋ ಅಮೆರಿಕನ್ ಅಧಿಕಾರಿಗಳಿಗೆ. ಕನ್ನಡದಲ್ಲಿ ಯೋಚನೆ ಮಾಡೋರು ಅದನ್ನ ನಂಬೋದು, ಬೇರೆಯವರ ಅಳತೆಗೆ ಹೊಲಿದ ಅಂಗಿ ಹಾಕ್ಕೊಂಡು ಬಿಗಿ ಅಂತ ಗೊಣಗಿದ ಹಾಗೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಮಾತಾಡೋ ವಿಷಯಕ್ಕೆ ಬಂದ್ರೆ ನಮಗೆ ಜಪಾನೀಸೇ ಸುಲಭ. ಓದೋ ವಿಷಯಕ್ಕೆ ಬಂದ್ರೆ ಥಾಯ್ ಸುಲಭ.

ಯಾಕೆ ಅಂತ ಕೇಳಿ. ಜಪಾನಿನಲ್ಲಿ ಮನೆಯಿಂದ ಹೊರಡುವಾಗ 'ಇತ್ತೆ ಕಿಮಸು' ಅಂತಾರೆ. ಇತ್ತೆ ಅಂದ್ರೆ ಹೋಗಿ, ಕಿಮಸು ಅಂದ್ರೆ ಬರ್ತೀನಿ. ನಮ್ಮನೆ ಬಾಗಿಲಲ್ಲಿ ನಾವು ಹೇಳೋದೂ ಅದೇ ತಾನೇ? ಇಂಗ್ಲಿಷ್ ಪಠ್ಯಪುಸ್ತಕಗಳು ಈ 'ತೆ' ರೂಪಕ್ಕೆ ಅಧ್ಯಾಯಗಟ್ಟಲೆ ವಿವರಣೆ ಕೊಡ್ತಾವೆ. ನಮಗೆ ಅದು ಹೋಗಿ, ತಿಂದು, ಬರೆದು, ಅಷ್ಟೇ. ಮುಂದಕ್ಕೆ ಹೋಗಿ ನೋಡಿ. 'ತಬೆತೆ' ಅಂದ್ರೆ ತಿಂದು, 'ಮಿರು' ಅಂದ್ರೆ ನೋಡೋದು; 'ತಬೆತೆ ಮಿರು' ಅಂದ್ರೆ ತಿಂದು ನೋಡ್ತೀನಿ. 'ಕೈತೆ ಒಕು' ಅಂದ್ರೆ ಬರೆದಿಡ್ತೀನಿ, ಅಲ್ಲಿ 'ಒಕು' ನಮ್ಮ 'ಇಡು'ವೇ. ತಿಂದುಬಿಟ್ಟೆ ಅಂತೀವಲ್ಲ, ಆ 'ಬಿಡು' ಇರೋ ಜಾಗದಲ್ಲಿ ಅವರು 'ಶಿಮೌ' ಅಂತ ಇನ್ನೊಂದು ಕ್ರಿಯಾಪದ ತಂದು ಕೂರಿಸ್ತಾರೆ. ಪದ ಬೇರೆ, ಮಾಡೋ ಕೆಲಸ ಅದೇ.

'ನಿನ್ನೆ ಬಂದ ಮನುಷ್ಯ' ಅನ್ನೋಕೆ 'ಕಿನೋ ಕಿತ ಹಿತೊ', ಪದಕ್ಕೆ ಪದ ಅದೇ ಸಾಲು. 'ಬರ್ತೀನಿ ಅಂತ ಹೇಳಿದ' ಅನ್ನೋದರಲ್ಲಿ ಆ 'ಅಂತ' ಇದೆಯಲ್ಲ, ಅದಕ್ಕೂ ಅವರಲ್ಲಿ 'ತೊ' ಇದೆ, ಅದೇ ಜಾಗದಲ್ಲಿ. ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ, ಕ್ರಿಯಾಪದ ಕಡೇಲಿ. ಇನ್ನೂ ಒಂದು ರಿಯಾಯಿತಿ ಉಂಟು: ನಮಗಿರೋ ಬರ್ತೀನಿ, ಬರ್ತಾನೆ, ಬರ್ತಾಳೆ ಗೋಜು ಅಲ್ಲಿಲ್ಲ. ಯಾರು ಬಂದ್ರೂ 'ಕಿಮಸು'.

ಉಚ್ಚಾರಣೆಯೂ ಹಾಗೇ. 'ಒಬಸನ್' ಅಂದ್ರೆ ಅತ್ತೆ, ಚಿಕ್ಕಮ್ಮ. 'ಒಬಾಸನ್' ಅಂದ್ರೆ ಅಜ್ಜಿ. 'ಕಿತೆ' ಅಂದ್ರೆ ಬಂದು, 'ಕಿತ್ತೆ' ಅಂದ್ರೆ ಅಂಚೆ ಚೀಟಿ. ಈ ವ್ಯತ್ಯಾಸ ಕೇಳಿಸಿಕೊಳ್ಳೋಕೆ ಇಂಗ್ಲಿಷಿನವರು ಒದ್ದಾಡ್ತಾರೆ. ಹ್ರಸ್ವ, ದೀರ್ಘ, ಒತ್ತಕ್ಷರ ಒಂದನೇ ಕ್ಲಾಸಲ್ಲೇ ಕಲಿತ ನಮಗೆ ಅದೊಂದು ಸಮಸ್ಯೆನೇ ಅಲ್ಲ. (ಹಾಗಂತ ಜಪಾನೀಸ್ ದ್ರಾವಿಡ ಭಾಷೆ ಅಂತ ವಾಟ್ಸಾಪ್‌ನಲ್ಲಿ ಹಂಚಬೇಡಿ. ಸುಸುಮು ಓನೊ ಅನ್ನೋ ಜಪಾನಿ ಭಾಷಾವಿದ್ವಾಂಸರು ತಮಿಳಿನ ಜೊತೆ ನಂಟಿದೆ ಅಂತ ವಾದಿಸಿದ್ರು, ಬಹುಪಾಲು ವಿದ್ವಾಂಸರು ಒಪ್ಪಲಿಲ್ಲ. ವಾಕ್ಯದ ಕಟ್ಟು ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಕುಲ ಆಗಲ್ಲ.)

ಈಗ ಥಾಯ್. ಇಲ್ಲಿ ನಮ್ಮವರು ಅಕ್ಷರ ನೋಡಿ ಮರುಳಾಗ್ತಾರೆ. ವ್ಯಂಜನ 44, ಅದರಲ್ಲಿ ಎರಡು ಬಳಕೆ ತಪ್ಪಿವೆ. ಕ ವರ್ಗ, ಚ ವರ್ಗ ಅಂತ ನಮ್ಮ ವರ್ಣಮಾಲೆಯ ಸಾಲಲ್ಲೇ ಬರ್ತವೆ, ಯಾಕಂದ್ರೆ ಆ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಕಾಂಬೋಡಿಯಾದ ಖಮೇರ್ ಲಿಪಿಯ ಮೂಲಕ ಬಂದದ್ದು. ಪದಗಳನ್ನ ಕೇಳಿದ್ರಂತೂ ಊರಿನವರೇ ಸಿಕ್ಕ ಹಾಗಾಗುತ್ತೆ: ಊಟ 'ಆಹಾನ್', ಭಾಷೆ 'ಫಾಸಾ', ಮೇಷ್ಟ್ರು 'ಖ್ರೂ', ಸಮಯ 'ವೇಲಾ', ವಿಶ್ವವಿದ್ಯಾಲಯ 'ಮಹಾವಿತ್ಥಯಾಲೈ'. ಬ್ಯಾಂಕಾಕ್ ವಿಮಾನ ನಿಲ್ದಾಣದ ಬೋರ್ಡಲ್ಲಿ ಬರೆದಿರೋದು ಸುವರ್ಣಭೂಮಿ ಅಂತ, ಓದೋದು 'ಸುವನ್ನಫೂಮ್' ಅಂತ.

ತೊಡಕು ಶುರುವಾಗೋದೂ ಅಲ್ಲೇ. ಗುರು ಹೋಗಿ ಖ್ರೂ ಆಯ್ತು, ಭ ಹೋಗಿ ಫ ಆಯ್ತು, ಪದದ ಕೊನೆಯ ರ ಹೋಗಿ ನ್ ಆಯ್ತು. ಕಾಗುಣಿತದಲ್ಲಿ ಸಂಸ್ಕೃತ ಹಾಗೇ ಕೂತಿದೆ, ಬಾಯಲ್ಲಿ ಬೇರೆ ಏನೋ ಬರುತ್ತೆ. ಆ ಫ ಕೂಡ ಫಿಲ್ಮಿನ ಫ ಅಲ್ಲ, ಉಸಿರು ಬಿಟ್ಟು ಹೇಳೋ ಅಪ್ಪಟ ಮಹಾಪ್ರಾಣ. ದಿನದ ಮಾತಲ್ಲಿ ಮಹಾಪ್ರಾಣ ನುಂಗಿ ಹಾಕೋ ನಮ್ಮಂಥೋರಿಗೆ ಥಾಯ್ ಅದನ್ನ ವಾಪಸ್ ಕೇಳುತ್ತೆ.

ಅದಾದರೂ ರೂಢಿಯಾಗುತ್ತೆ ಅನ್ನಿ. ದನಿಯ ಏರಿಳಿತ, ಅಂದ್ರೆ ಟೋನ್, ಹಾಗಲ್ಲ. ಥಾಯ್‌ನಲ್ಲಿ ಐದು ಟೋನ್: ಸಮ, ತಗ್ಗು, ಇಳಿಯೋದು, ಎತ್ತರ, ಏರೋದು. 'ಕ್ಲೈ' ಅಂತ ದನಿ ಸಮವಾಗಿ ಹೇಳಿದ್ರೆ ದೂರ. ಅದೇ 'ಕ್ಲೈ'ನ ಇಳಿಸಿ ಹೇಳಿದ್ರೆ ಹತ್ತಿರ! ಟ್ಯಾಕ್ಸಿ ಹತ್ತೋ ಮುಂಚೆ ಯೋಚನೆ ಮಾಡಿ. ನಾವು ಕನ್ನಡದಲ್ಲಿ ಸಂಶಯ ಬಂದ್ರೆ ದನಿ ಏರಿಸ್ತೀವಿ, ಬೇಜಾರಾದ್ರೆ ಇಳಿಸ್ತೀವಿ. ಆ ಅಭ್ಯಾಸ ಇಟ್ಕೊಂಡು ಥಾಯ್ ಮಾತಾಡಿದ್ರೆ ಭಾವನೆ ಬದಲಾಗಲ್ಲ, ಪದವೇ ಬದಲಾಗುತ್ತೆ. ವ್ಯಾಕರಣ ಮಾತ್ರ ತೀರಾ ಸಲೀಸು: ನಿನ್ನೆ ಹೋದ್ರೂ ನಾಳೆ ಹೋದ್ರೂ 'ಪೈ'. ಹೋಟೆಲಲ್ಲಿ ಬಡಿಸೋರನ್ನ ವಯಸ್ಸು ನೋಡಿ 'ಫೀ' ಅಥವಾ 'ನೋಂಗ್', ಅಂದ್ರೆ ಅಣ್ಣ, ಅಕ್ಕ, ತಮ್ಮ, ತಂಗಿ, ಅಂತ ಕರೀಬಹುದು. ಅದನ್ನ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದ್ರೆ ಜಪಾನೀಸ್‌ನ ನೋವು ಎಲ್ಲಿದೆ? ಕಾಂಜಿಯಲ್ಲಿ, ಅಂದ್ರೆ ಚೀನಾದಿಂದ ಬಂದ ಅಕ್ಷರಗಳಲ್ಲಿ. ಉಚ್ಚಾರವನ್ನಷ್ಟೇ ಬರೆಯೋ ಹಿರಗಾನ, ಕತಕಾನ ಅನ್ನೋ ಎರಡು ಲಿಪಿ ಎರಡು ಮೂರು ವಾರದ ಕೆಲಸ. 'ಅ ಕ ಸ ತ ನ' ಅನ್ನೋ ಆ ಸಾಲು ಕೂಡ ಬೌದ್ಧ ಭಿಕ್ಷುಗಳ ಸಂಸ್ಕೃತಾಭ್ಯಾಸದ ಬಳುವಳಿ. ಆದ್ರೆ ದಿನಬಳಕೆಗೆ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿ ಇವೆ, ಬಹಳಷ್ಟಕ್ಕೆ ಒಂದಕ್ಕಿಂತ ಹೆಚ್ಚು ಉಚ್ಚಾರ. ಭಾನುವಾರಕ್ಕೆ 'ನಿಚಿಯೋಬಿ' ಅಂತಾರೆ. ಅದರಲ್ಲಿ ಮೊದಲನೇ ಅಕ್ಷರ ಮತ್ತು ಕೊನೇ ಅಕ್ಷರ ಒಂದೇ. ಮೊದಲು ಬಂದಾಗ 'ನಿಚಿ', ಕೊನೇಲಿ ಬಂದಾಗ 'ಬಿ'. ಇದಕ್ಕೆ ಕನ್ನಡ ಒಂದು ಚೂರೂ ಸಹಾಯ ಮಾಡಲ್ಲ. ಥಾಯ್ ಪದಗಳ ಮಧ್ಯೆ ಜಾಗ ಬಿಡಲ್ಲ, ಕೆಲವು ಸ್ವರಚಿಹ್ನೆ ವ್ಯಂಜನಕ್ಕಿಂತ ಮುಂಚೆ ಬರುತ್ತೆ, ನಿಜ. ಆದ್ರೂ ಅದಕ್ಕೊಂದು ಕೊನೆ ಇದೆ.

ಕೆಲಸಕ್ಕೋಸ್ಕರ ಕಲಿಯೋರು ಇನ್ನೊಂದು ವಿಷಯ ತಿಳ್ಕೊಳ್ಳಿ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇರೋ ನಾಡು ನಮ್ದು, ಇಲ್ಲಿ ಥಾಯ್‌ಗಿಂತ ಜಪಾನೀಸ್‌ಗೆ ಬೇಡಿಕೆ ಹೆಚ್ಚು. ಆದ್ರೆ ಕಂಪನಿಗಳು ಕೇಳೋದು ಜೆಎಲ್‌ಪಿಟಿ ಅನ್ನೋ ಜಪಾನೀಸ್ ಭಾಷಾ ಪರೀಕ್ಷೆಯ ಸರ್ಟಿಫಿಕೇಟು, ಸುಲಭದ ಎನ್5ರಿಂದ ಕಷ್ಟದ ಎನ್1ವರೆಗೆ. ಆ ಪರೀಕ್ಷೆಯಲ್ಲಿ ಮಾತಾಡೋ ಭಾಗವೇ ಇಲ್ಲ! ಓದು, ಪದ, ವ್ಯಾಕರಣ, ಕೇಳಿಸಿಕೊಳ್ಳೋದು, ಉತ್ತರಕ್ಕೆ ಗುರುತು ಹಾಕೋದು, ಅಷ್ಟೇ. ಕನ್ನಡ ನಮಗೆ ಪುಕ್ಕಟೆಯಾಗಿ ಕೊಟ್ಟಿರೋ ಮಾತಿನ ಸಲೀಸಿಗೆ ಅಲ್ಲಿ ಒಂದು ಅಂಕವೂ ಸಿಗಲ್ಲ, ಕಾಂಜಿ ಮಾತ್ರ ಪುಟಪುಟಕ್ಕೂ ಎದುರಾಗುತ್ತೆ. ಅದಕ್ಕೇ ಹೇಳೋದು, ಜಪಾನೀಸ್ ಹಿಡಿಯೋದಾದ್ರೆ ಮಾತು ಬರ್ತಾ ಇದೆ ಅನ್ನೋ ಖುಷಿಯಲ್ಲಿ ಕಾಂಜಿ ಮುಂದೂಡಬೇಡಿ, ಮೊದಲ ವಾರದಿಂದಲೇ ದಿನಕ್ಕೆ ನಾಲ್ಕೈದು ಬರೀರಿ. ಥಾಯ್ ಹಿಡಿಯೋದಾದ್ರೆ ಅಕ್ಷರ ಆಮೇಲೆ ನೋಡ್ಕೊಳ್ಳೋಣ, ಮೊದಲ ತಿಂಗಳು ಪೂರ್ತಿ ಕಿವಿಗೆ ಕೊಡಿ.