ಬೆಳ್ಳಿ ನಾಣ್ಯದ ಬಣ್ಣ ಮತ್ತು ಅದರ ಬೆಲೆ

ಕೇಳುಗರಿಗೆ ನಮಸ್ಕಾರ.

ಎರಡು ಬೆಳ್ಳಿ ನಾಣ್ಯಗಳು ಒಂದೇ ಹರಾಜಿಗೆ ಬಂದಿವೆ ಎಂದುಕೊಳ್ಳಿ. ವರ್ಷ ಒಂದೇ, ಟಂಕಸಾಲೆ ಒಂದೇ, ತೂಕ ಒಂದೇ. ಪರಿಣತರು ಕೊಟ್ಟ ದರ್ಜೆಯೂ ಒಂದೇ. ಒಂದು ಬೆಳ್ಳಗೆ ಹೊಳೆಯುತ್ತಿದೆ. ಇನ್ನೊಂದರ ಅಂಚಿನಲ್ಲಿ ಗಾಢ ನೀಲಿ, ಅದರ ಒಳಸುತ್ತಿನಲ್ಲಿ ನೇರಳೆಗೆಂಪು, ನಡುವಿಗೆ ಬಂದಂತೆ ತಿಳಿಯಾದ ಹೊಂಬಣ್ಣ. ಮೊದಲನೆಯದು ಮಾಮೂಲಿ ಬೆಲೆಗೆ ಹೋಗುತ್ತದೆ. ಎರಡನೆಯದಕ್ಕೆ ಅದರ ಹಲವು ಪಟ್ಟು ಕೂಗುತ್ತಾರೆ. ಹಿಂದೆಯೇ ಅದೇ ಬಗೆಯ ಮೂರನೆಯ ನಾಣ್ಯ ಬರುತ್ತದೆ. ಅದಕ್ಕೂ ಬಣ್ಣ ಏರಿದೆ, ಆದರೆ ಮಂಕು ಕಂದು, ಅಲ್ಲಲ್ಲಿ ಕಪ್ಪು ಚುಕ್ಕೆ. ಅದು ಬಿಳಿ ನಾಣ್ಯಕ್ಕಿಂತಲೂ ಕಡಿಮೆಗೆ ಹೋಗುತ್ತದೆ. ಎರಡನೆಯದರ ಮೇಲೂ ಮೂರನೆಯದರ ಮೇಲೂ ಕೂತಿರುವುದು ಒಂದೇ ರಾಸಾಯನಿಕ. ಆದರೂ ಒಂದರ ಬೆಲೆ ಏರಿತು, ಇನ್ನೊಂದರದು ಇಳಿಯಿತು. ಹೀಗೇಕೆ ಎನ್ನುವುದೇ ಇವತ್ತಿನ ಮಾತು.

ಬೆಳ್ಳಿಗೆ ಹೀಗೆ ಬಣ್ಣ ಏರುವುದನ್ನು ನಾಣ್ಯ ಸಂಗ್ರಾಹಕರು ಟೋನಿಂಗ್ ಎನ್ನುತ್ತಾರೆ. ಗಾಳಿಯಲ್ಲಿ ಗಂಧಕದ ಅಂಶ ಇದ್ದೇ ಇರುತ್ತದೆ, ಹೆಚ್ಚಾಗಿ ಹೈಡ್ರೋಜನ್ ಸಲ್ಫೈಡ್ ಅನಿಲದ ರೂಪದಲ್ಲಿ. ಕಾಗದ, ರಟ್ಟು, ಉಣ್ಣೆ, ರಬ್ಬರ್ ಕೂಡ ಗಂಧಕವನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಬೆಳ್ಳಿಗೆ ಅದು ತಾಗಿದಾಗ ಮೇಲ್ಮೈಯಲ್ಲಿ ಬೆಳ್ಳಿ ಸಲ್ಫೈಡಿನ ಪದರ ಹುಟ್ಟುತ್ತದೆ. ತೇವ ಹೆಚ್ಚಿದ್ದರೆ, ಸೆಕೆ ಹೆಚ್ಚಿದ್ದರೆ ಕೆಲಸ ಬೇಗ ನಡೆಯುತ್ತದೆ.

ಈ ಪದರಕ್ಕೆ ನೀಲಿ, ಕೆಂಪು ಎಂಬ ಸ್ವಂತ ಬಣ್ಣವಿಲ್ಲ. ಸೋಪಿನ ಗುಳ್ಳೆಯ ಮೇಲೆ ಬಣ್ಣಗಳು ಆಡುತ್ತವಲ್ಲ, ಇಲ್ಲೂ ನಡೆಯುವುದು ಅದೇ. ಬೆಳಕಿನ ಒಂದು ಪಾಲು ಪದರದ ಮೇಲಿನಿಂದ ಹಿಂತಿರುಗುತ್ತದೆ, ಇನ್ನೊಂದು ಪಾಲು ಒಳಹೊಕ್ಕು ಕೆಳಗಿನ ಬೆಳ್ಳಿಗೆ ತಾಗಿ ಹಿಂತಿರುಗುತ್ತದೆ. ಎರಡೂ ಸೇರುವಾಗ ಕೆಲವು ಬಣ್ಣಗಳು ಅಳಿದು ಕೆಲವು ಉಳಿಯುತ್ತವೆ. ಯಾವುದು ಉಳಿಯಬೇಕು ಎನ್ನುವುದನ್ನು ನಿರ್ಧರಿಸುವುದು ಪದರದ ದಪ್ಪ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರ್. ಅಂಥ ಕೆಲವು ಹತ್ತು ನ್ಯಾನೋಮೀಟರ್ ವ್ಯತ್ಯಾಸವಾದರೂ ಸಾಕು, ಬಣ್ಣ ಬೇರೆಯಾಗುತ್ತದೆ.

ಈ ಬಣ್ಣಗಳು ಬರುವುದಕ್ಕೆ ಒಂದು ಕ್ರಮವಿದೆ. ಮೊದಲು ತೆಳು ಹಳದಿ, ಆಮೇಲೆ ಹೊಂಬಣ್ಣ, ಕಂದುಗೆಂಪು, ನೇರಳೆ, ಗಾಢ ನೀಲಿ, ತಿಳಿ ನೀಲಿ. ಪದರ ಇನ್ನೂ ದಪ್ಪವಾದರೆ ಎರಡನೆಯ ಸುತ್ತು ಶುರುವಾಗಿ ಮತ್ತೆ ಹಳದಿ, ಮತ್ತೆ ಕೆಂಪು, ಅದರ ನಂತರ ಹಸಿರು. ಹಸಿರು ಬರುವುದು ಈ ಎರಡನೆಯ ಸುತ್ತಿನಲ್ಲೇ. ಕೊನೆಗೆ ಎಲ್ಲ ಮುಚ್ಚಿಹೋಗಿ ಬೂದುಗಪ್ಪು. ಈ ಕ್ರಮವನ್ನು ನೆನಪಿನಲ್ಲಿಡಿ, ಅಸಲಿ ನಕಲಿ ಮಾತು ಬಂದಾಗ ಬೇಕಾಗುತ್ತದೆ.

ಟೋನಿಂಗ್ ಮತ್ತು ಬೆಲೆಯ ನಂಟನ್ನು ತಿಳಿಯಲು ಅಮೆರಿಕದ ಮಾರ್ಗನ್ ಡಾಲರಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. 1878ರಿಂದ 1904ರವರೆಗೆ, ಮತ್ತೊಮ್ಮೆ 1921ರಲ್ಲಿ ಅಚ್ಚಾದ ದೊಡ್ಡ ನಾಣ್ಯ ಅದು. ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಹತ್ತು ಪಾಲು ತಾಮ್ರ. ಜನರ ಕೈಗೆ ಹೋಗಿ ಓಡಾಡಿದ್ದು ಸ್ವಲ್ಪ. ಬಹುಪಾಲು ಸಾವಿರ ಸಾವಿರದ ಬಟ್ಟೆ ಚೀಲಗಳಲ್ಲಿ ಖಜಾನೆಯ ಕೊಠಡಿಗಳನ್ನು ಸೇರಿತು. 1918ರ ಪಿಟ್‌ಮನ್ ಕಾಯ್ದೆಯ ಅಡಿಯಲ್ಲಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿದರು. ಉಳಿದವು ಹಾಗೆಯೇ ಬಿದ್ದಿದ್ದವು. 1960ರ ದಶಕದ ಆರಂಭದಲ್ಲಿ ಜನ ಮುಗಿಬಿದ್ದು ಚೀಲಗಟ್ಟಲೆ ಒಯ್ದರು, 1964ರ ಮಾರ್ಚಿನಲ್ಲಿ ಖಜಾನೆ ಕೊಡುವುದನ್ನು ನಿಲ್ಲಿಸಿತು.

ಆ ಚೀಲದೊಳಗೆ ಆದದ್ದೇನು? ನಡುವೆ ಹೂತಿದ್ದ ನಾಣ್ಯಗಳಿಗೆ ಗಾಳಿ ಸೋಕಲಿಲ್ಲ, ಅವು ಬಿಳಿಯಾಗಿಯೇ ಉಳಿದವು. ಬಟ್ಟೆಗೆ ಒತ್ತಿಕೊಂಡಿದ್ದವುಗಳ ಒಂದು ಮುಖ ಮಾತ್ರ ಐವತ್ತು, ಅರವತ್ತು, ಎಂಬತ್ತು ವರ್ಷ ಗಂಧಕವನ್ನು ಉಂಡಿತು. ಒಂದರ ಮೇಲೊಂದು ಅರ್ಧ ಸರಿದು ಕೂತಿದ್ದ ಕಡೆ ಅರ್ಧಚಂದ್ರದ ಆಕಾರದಲ್ಲಿ ಬಣ್ಣ ಏರಿತು. ಕೆಲವು ನಾಣ್ಯಗಳ ಮೇಲೆ ಬಟ್ಟೆಯ ನೇಯ್ಗೆಯೇ ಅಚ್ಚೊತ್ತಿದ ಹಾಗೆ ಬಣ್ಣದ ಗೆರೆಗಳು ಮೂಡಿವೆ. ಹಾಗೆ ಬಟ್ಟೆಯ ಗುರುತು ಕಾಣುವ ನಾಣ್ಯಕ್ಕೆ ಬೇಡಿಕೆ ಬೇರೆಯೇ.

1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚಾದ ಡಾಲರನ್ನು ನೋಡಿ. ಬಳಸದ ಸ್ಥಿತಿಯಲ್ಲಿ ಧಾರಾಳವಾಗಿ ಸಿಗುತ್ತದೆ, ಅಪರೂಪ ಎನ್ನುವಂತಿಲ್ಲ. ಅಚ್ಚು ಮಾತ್ರ ಬಹಳ ಚೆಂದ, ನಯವಾದ ಹಿನ್ನೆಲೆ, ಒಳ್ಳೆಯ ಹೊಳಪು. ಇಂಥ ನಾಣ್ಯಕ್ಕೆ ಬಣ್ಣ ಏರಿದರೆ ಅದು ಕಣ್ಣು ಕೋರೈಸುತ್ತದೆ, ಸಾಮಾನ್ಯ ವರ್ಷದ ನಾಣ್ಯ ಅಪರೂಪದ ವರ್ಷದ ನಾಣ್ಯದ ಬೆಲೆಯನ್ನು ಮುಟ್ಟುತ್ತದೆ. ಮೊದಲೇ ವಿರಳವಾಗಿ, ಭಾರಿ ಬೆಲೆ ಬಾಳುವ ನಾಣ್ಯಕ್ಕೆ ಬಣ್ಣದಿಂದ ಅಷ್ಟು ಪಟ್ಟು ಏರಿಕೆ ಸಿಗುವುದಿಲ್ಲ. ಅಲ್ಲಿ ಕೊಳ್ಳುವವನು ವರ್ಷಕ್ಕೆ ಹಣ ಕೊಡುತ್ತಾನೆ. ಬಣ್ಣ ಯಾವ ಮುಖದಲ್ಲಿದೆ ಎನ್ನುವುದೂ ಮುಖ್ಯ. ತಲೆಯಿರುವ ಮುಂಬದಿಯಲ್ಲಿದ್ದರೆ ಪೂರ್ತಿ ಬೆಲೆ, ಹಿಂಬದಿಯಲ್ಲಿ ಮಾತ್ರ ಇದ್ದರೆ ಏರಿಕೆ ತೀರಾ ಕಡಿಮೆ.

ಹಾಗಾದರೆ ಜನ ಹಣ ಸುರಿಯುವುದು ಚೆಂದಕ್ಕೋ? ಚೆಂದಕ್ಕೂ ಹೌದು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕಾರಣ ನಂಬಿಕೆ. ಅಚ್ಚಿನ ಒತ್ತಡಕ್ಕೆ ಸಿಕ್ಕ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದಾಗ ಬೆಳಕಿನ ಪಟ್ಟೆಯೊಂದು ಸುತ್ತುತ್ತದೆ, ಆ ಹೊಳಪು ಈ ಗೆರೆಗಳದು. ಉಜ್ಜಿದರೆ ಅವು ಹೋದವು. ಒಮ್ಮೆ ಹೋದರೆ ಯಾರಿಂದಲೂ ಮರಳಿ ತರಲಾಗದು. ಹಳೆಯ ಸಹಜ ಬಣ್ಣದ ಅಡಿಯಲ್ಲಿ ಈ ಹೊಳಪು ಹಾಗೆಯೇ ಸುತ್ತುತ್ತಿದ್ದರೆ, ಬಣ್ಣ ಏರಿದಂದಿನಿಂದ ಈ ನಾಣ್ಯವನ್ನು ಯಾರೂ ತೊಳೆದಿಲ್ಲ, ಉಜ್ಜಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಬಿಳಿ ನಾಣ್ಯಕ್ಕೆ ಆ ಸಾಕ್ಷಿಯಿಲ್ಲ. ಅದು ನೂರು ವರ್ಷ ಬೆಳ್ಳಗೇ ಇದ್ದಿರಬಹುದು, ಕಳೆದ ವಾರ ತೊಳೆಸಿಕೊಂಡೂ ಬಂದಿರಬಹುದು.

ತೊಳೆಯುವುದಕ್ಕೆ ಬಳಸುವುದು ಥಯೋಯೂರಿಯಾ ಮತ್ತು ಆಮ್ಲ ಬೆರೆಸಿದ ದ್ರಾವಣ. ಅದರಲ್ಲಿ ಅದ್ದಿ ತೆಗೆಯುವುದಕ್ಕೆ ಡಿಪ್ ಮಾಡುವುದು ಎನ್ನುತ್ತಾರೆ. ಕೆಲವೇ ಕ್ಷಣಗಳಲ್ಲಿ ಬಣ್ಣ ಮಾಯ. ಆದರೆ ಆ ಸಲ್ಫೈಡಿನಲ್ಲಿ ಇದ್ದದ್ದು ನಾಣ್ಯದ್ದೇ ಬೆಳ್ಳಿ; ಬಣ್ಣದ ಜೊತೆ ಅದೂ ಹೋಯಿತು. ತೆಳು ಪದರವಾದರೆ, ಒಂದೇ ಸಲವಾದರೆ ಗೊತ್ತಾಗದೆ ಇರಬಹುದು. ದಪ್ಪ ಪದರವಿದ್ದರೆ, ಅಥವಾ ಮತ್ತೆ ಮತ್ತೆ ಅದ್ದಿದರೆ ಹೊಳಪು ಸತ್ತು ನಾಣ್ಯ ಸುಣ್ಣ ಬಳಿದಂತೆ ಪೇಲವವಾಗುತ್ತದೆ. ಬಿಳಿ ನಾಣ್ಯವೇ ಶ್ರೇಷ್ಠ ಎಂದು ದಶಕಗಟ್ಟಲೆ ನಂಬಿದ್ದರಿಂದ ಎಷ್ಟೋ ನಾಣ್ಯಗಳು ಹೀಗೆ ಹಾಳಾದವು. ನೆನೆದರೆ ಸಂಕಟವಾಗುತ್ತದೆ. ಮುಟ್ಟದೆ ಉಳಿದವುಗಳ ಬೆಲೆ ಇವತ್ತು ಏರಿರುವುದರ ಹಿಂದೆ ಆ ನಷ್ಟವೂ ಇದೆ.

ಬಣ್ಣ ಎಲ್ಲಿಂದ ಬಂತು ಎನ್ನುವ ಕಥೆ ಗೊತ್ತಿದ್ದರೆ ನಂಬಿಕೆ ಇನ್ನೂ ಗಟ್ಟಿ. ಅಮೆರಿಕದ ಟಂಕಸಾಲೆ 1947ರಿಂದ 1958ರವರೆಗೆ ಸಂಗ್ರಾಹಕರಿಗೆ ಮಾರಿದ ನಾಣ್ಯಗಳ ಸೆಟ್ಟುಗಳನ್ನು ರಟ್ಟಿನ ಹಲಗೆಗಳಲ್ಲಿ ಕೂರಿಸಿ ಕೊಡುತ್ತಿತ್ತು. ಆ ರಟ್ಟಿನಿಂದ ಬಂದ ಬಣ್ಣವನ್ನು ಬಲ್ಲವರು ನೋಡಿದ ಕೂಡಲೇ ಗುರುತಿಸುತ್ತಾರೆ. ಎರಿಕ್ ನ್ಯೂಮನ್ ಎಂಬ ಹಿರಿಯ ಸಂಗ್ರಾಹಕರ ನಾಣ್ಯಗಳು 2013ರಿಂದ ಹರಾಜಿಗೆ ಬಂದಾಗಲೂ ಹೀಗೇ ಆಯಿತು. ದಶಕಗಟ್ಟಲೆ ಕಾಗದದ ಲಕೋಟೆಗಳಲ್ಲಿ ಮಲಗಿದ್ದ ಬೆಳ್ಳಿಯ ಬಣ್ಣದ ಬಗ್ಗೆ ಅನುಮಾನಕ್ಕೆ ಎಡೆ ಇರಲಿಲ್ಲ. ಯುರೋಪಿನ ಹಳೆಯ ಸಂಗ್ರಹಗಳಲ್ಲಿ ಮಹಾಗನಿ ಮರದ ಪೆಟ್ಟಿಗೆಗಳ ಬಳಕೆ ಇತ್ತು. ಅಲ್ಲಿ ಬರುವುದು ಕಾಮನಬಿಲ್ಲಲ್ಲ, ನೀಲಿ ಬೆರೆತ ಹದವಾದ ಬೂದು. ಅಬ್ಬರವಿಲ್ಲದ ಆ ಬಣ್ಣವೇ ನನಗೆ ಹೆಚ್ಚು ಇಷ್ಟ. ಓಕ್ ಮರದ ಪೆಟ್ಟಿಗೆ ಮಾತ್ರ ಬೇಡ, ಅದು ಆಮ್ಲದ ಆವಿ ಬಿಡುತ್ತದೆ.

ಬೆಲೆ ಇದ್ದ ಕಡೆ ಮೋಸವೂ ಬರುತ್ತದೆ. ಗಂಧಕದ ರಾಸಾಯನಿಕ ಸವರಿ, ಬಿಸಿಮಾಡಿ, ಐವತ್ತು ವರ್ಷದ ಬಣ್ಣವನ್ನು ಒಂದೇ ಮಧ್ಯಾಹ್ನದಲ್ಲಿ ತರಿಸುವವರಿದ್ದಾರೆ. ಗುರುತಿಸುವುದು ಹೇಗೆ? ಆಗ ಹೇಳಿದ ಕ್ರಮವನ್ನು ಇಲ್ಲಿ ಹುಡುಕಬೇಕು. ಸಹಜ ಬಣ್ಣದಲ್ಲಿ ಹಳದಿಯ ಪಕ್ಕದಲ್ಲಿ ಕೆಂಪು, ಕೆಂಪಿನ ಪಕ್ಕದಲ್ಲಿ ನೀಲಿ, ಒಂದರೊಳಗೊಂದು ಕರಗುತ್ತಾ ಸಾಗುತ್ತವೆ. ಹಳದಿಯಿಂದ ಒಮ್ಮೆಲೇ ಗಾಢ ನೀಲಿಗೆ ಹಾರಿದ್ದರೆ ಅನುಮಾನಿಸಿ. ಬಟ್ಟೆಗೆ ತಾಗಿ ಬಂದ ಬಣ್ಣವು ಉಬ್ಬಿದ ಅಕ್ಷರಗಳ ಬುಡದಲ್ಲಿ ಬದಲಾಗಬೇಕು, ಯಾಕೆಂದರೆ ಬಟ್ಟೆ ಆ ಮೂಲೆಗೆ ಒತ್ತುವುದಿಲ್ಲ. ಬಳಿದ ಬಣ್ಣಕ್ಕೆ ಆ ಭೇದ ಗೊತ್ತಿಲ್ಲ. ಉಜ್ಜಿದ ಗೀರುಗಳ ಮೇಲೆ ಹೊಚ್ಚಹೊಸ ಕಾಮನಬಿಲ್ಲು ಮೂಡಿದ್ದರೆ, ಗೀರುಗಳನ್ನು ಮುಚ್ಚಲೆಂದೇ ಬಣ್ಣ ತರಿಸಿದ ಸಂಭವ ಹೆಚ್ಚು. ಹೊಳಪು ಬಣ್ಣದ ಮೂಲಕ ಹಾದು ಬರಬೇಕು. ಬಣ್ಣ ಬಟ್ಟೆ ಹೊದಿಸಿದ ಹಾಗೆ ಮೇಲೆ ಕೂತಿದ್ದರೆ ಕೈಹಾಕಬೇಡಿ.

ಇಲ್ಲಿ ಒಂದು ಕಠಿಣ ಪ್ರಶ್ನೆಯಿದೆ. ಬಣ್ಣ ಬರಲಿ ಎಂದೇ ಒಬ್ಬರು ನಾಣ್ಯವನ್ನು ಹಳೆಯ ಲಕೋಟೆಯಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ವರ್ಷಗಟ್ಟಲೆ ಇಟ್ಟರು ಎಂದುಕೊಳ್ಳಿ. ರಾಸಾಯನಿಕ ಕ್ರಿಯೆ ಅದೇ, ಪದರ ಅದೇ, ಉದ್ದೇಶ ಮಾತ್ರ ಬೇರೆ. ಉದ್ದೇಶವನ್ನು ಯಾವ ಭೂತಗನ್ನಡಿಯೂ ತೋರಿಸುವುದಿಲ್ಲ. ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಎರಡು ಸಂಸ್ಥೆಗಳಿವೆ, ಪಿಸಿಜಿಎಸ್ 1986ರಲ್ಲೂ ಎನ್‌ಜಿಸಿ 1987ರಲ್ಲೂ ಶುರುವಾದವು. ಅವು ನಾಣ್ಯಕ್ಕೆ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ ಕ್ರಮದಂತೆ 1ರಿಂದ 70ರವರೆಗಿನ ದರ್ಜೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಭದ್ರಪಡಿಸುತ್ತವೆ. ಬಣ್ಣ ಅನುಮಾನಾಸ್ಪದ ಎನಿಸಿದರೆ ಸಂಖ್ಯೆಯ ದರ್ಜೆ ಕೊಡದೆ ಹಾಗೆಂದೇ ಬರೆಯುತ್ತವೆ. ಆಗ ಬೆಲೆ ಕುಸಿಯುತ್ತದೆ. ಆದರೆ ದರ್ಜೆ ಸಿಕ್ಕಿತು ಎಂದರೆ ಈ ಬಣ್ಣ ತಾನಾಗಿ ಬಂದದ್ದೆಂದು ರುಜುವಾತಾಯಿತು ಎಂದು ತಿಳಿಯಬಾರದು. ಈ ಬಣ್ಣವನ್ನು ಮಾರುಕಟ್ಟೆ ಒಪ್ಪುತ್ತದೆ ಎನ್ನುವುದಷ್ಟೇ ಪರಿಣತರ ತೀರ್ಮಾನ. ಈ ವ್ಯತ್ಯಾಸ ತಿಳಿಯದೆ ಕೈ ಸುಟ್ಟುಕೊಂಡವರು ಬಹಳ.

ಇನ್ನೊಂದು ಸಂಗತಿ. ಆ ದರ್ಜೆಯಲ್ಲಿ ನೋಟದ ಚೆಲುವೂ ಲೆಕ್ಕಕ್ಕೆ ಬರುತ್ತದೆ, ಬಣ್ಣ ಚೆನ್ನಾಗಿದ್ದರೆ ಸಣ್ಣಪುಟ್ಟ ಗೀರುಗಳು ಮರೆಯಾಗುತ್ತವೆ. ಹಾಗಾಗಿ ಬಣ್ಣಕ್ಕೆ ಎರಡೆರಡು ಸಲ ಹಣ ತೆರುವ ಅಪಾಯವಿದೆ: ಒಮ್ಮೆ ಏರಿದ ದರ್ಜೆಯ ಮೂಲಕ, ಮತ್ತೊಮ್ಮೆ ದರ್ಜೆಯ ಬೆಲೆಯ ಮೇಲೆ ಕೂಗುವ ಹೆಚ್ಚುವರಿಯ ಮೂಲಕ. ಬಣ್ಣದ ಪರದೆಯ ಹಿಂದೆ ಏನಿದೆ ಎಂದು ಭೂತಗನ್ನಡಿ ಹಿಡಿದು ನೋಡಿ. ಫೋಟೋ ನೋಡಿ ಕೊಳ್ಳುವವರು ಇನ್ನೂ ಜಾಗ್ರತೆ ವಹಿಸಬೇಕು. ಈ ಬಣ್ಣ ಒಂದೇ ಕೋನದಲ್ಲಿ ಧಗಧಗಿಸಿ ಉಳಿದ ಕೋನಗಳಲ್ಲಿ ಮಂಕಾಗುವುದುಂಟು. ತೆಗೆಯುವವರು ಆ ಕೋನವನ್ನೇ ಹುಡುಕುತ್ತಾರೆ, ಮೇಲೆ ಕಂಪ್ಯೂಟರಿನಲ್ಲಿ ರಂಗನ್ನೂ ಏರಿಸಬಹುದು. ನಾಣ್ಯವನ್ನು ತಿರುಗಿಸುವ ವಿಡಿಯೋ ಕೇಳಿ.

ಸಾಮಾನ್ಯ ನಾಣ್ಯಗಳಿಗೆ ಬೆಲೆಪಟ್ಟಿಯಿದೆ. ಬಣ್ಣಕ್ಕೆ ಇಲ್ಲ. ಹಟ ಹಿಡಿದ ಇಬ್ಬರು ಎದುರಾದ ದಿನ ಬಂದ ಬೆಲೆ, ಮರುಸಲ ಅವರಲ್ಲಿ ಒಬ್ಬರು ಬಾರದಿದ್ದರೆ ಅರ್ಧಕ್ಕೂ ಇಳಿಯಬಹುದು. ಹಾಗಾಗಿ ಲಾಭಕ್ಕೆಂದೇ ಬಣ್ಣದ ನಾಣ್ಯ ಕೊಳ್ಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ದಿನವೂ ತೆಗೆದು ನೋಡುವ ಆಸೆಯಿದ್ದರೆ ಕೊಳ್ಳಿ.

ಕೈಯಲ್ಲಿ ಇರುವುದನ್ನು ಕಾಪಾಡುವುದು ಹೇಗೆ? ಬೆಳ್ಳಿ ಸಲ್ಫೈಡ್ ಬೆಳೆಯುತ್ತಲೇ ಇರುವ ಪದರ. ಇವತ್ತಿನ ತಿಳಿ ನೀಲಿ ಮುಂದೊಂದು ದಿನ ಕಪ್ಪಾಗಬಹುದು, ಕಪ್ಪಿನ ಅಡಿಯಲ್ಲಿ ಲೋಹದ ಮೈಯೇ ಕೊರೆದುಹೋಗಿರಬಹುದು. ಪರಿಣತರು ಮುಚ್ಚಿಕೊಟ್ಟ ಪೆಟ್ಟಿಗೆಯೂ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಒಣ ಜಾಗ, ಒಂದೇ ಹದದ ತಂಪು, ತೇವ ಹೀರುವ ಸಿಲಿಕಾ ಪೊಟ್ಟಣ, ಇಷ್ಟಿದ್ದರೆ ಬದಲಾವಣೆ ಬಹಳ ನಿಧಾನವಾಗುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಅದು ಹಸಿರು ಜಿಡ್ಡನ್ನು ಬಿಟ್ಟು ಲೋಹವನ್ನು ತಿನ್ನುತ್ತದೆ, ಅದಕ್ಕೂ ಟೋನಿಂಗಿಗೂ ಸಂಬಂಧವಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಗುರುತು ಒಂದೆರಡು ವರ್ಷದ ನಂತರ ಕಂದಾಗಿ ಮೇಲೇಳುತ್ತದೆ. ಇನ್ನು ರಬ್ಬರ್ ಬ್ಯಾಂಡ್. ಲಕೋಟೆಗಳ ಕಟ್ಟಿಗೆ ಸುತ್ತಿದರೂ ಸಾಕು, ಅದರ ಗಂಧಕ ಕಾಗದವನ್ನು ದಾಟಿ ಬೆಳ್ಳಿಯ ಮೇಲೆ ನೇರವಾದ ಕಪ್ಪು ಗೆರೆ ಎಳೆಯಬಲ್ಲದು. ನಿಮ್ಮ ಪೆಟ್ಟಿಗೆಯಲ್ಲಿ ಹಾಗೆ ಕಟ್ಟಿಟ್ಟದ್ದು ಏನಾದರೂ ಇದ್ದರೆ ಇವತ್ತೇ ಬಿಚ್ಚಿ.

ನಮಸ್ಕಾರ.